ಪೆಟ್ಟಿಗೆಗೆ ಹೇಳಿದ ಪಾಠ

‘ಹತ್ತಿರದ ಕೆರೆಗೆ ಹೋಗಿ ಅಲ್ಲಿ ಬೆಳೆದಿರುವ ಸಸ್ಯಗಳನ್ನು ವೀಕ್ಷಿಸಿರಿ’ ಎಂಬ ಸಾಲಿನ ಮೇಲೆ ಮಹಾಲಿಂಗಪ್ಪನ ಪೆನ್ನು ನಿಂತು ಬಹಳ ಹೊತ್ತಾಗಿತ್ತು. ಏಳನೆಯ ತರಗತಿಯ ವಿಜ್ಞಾನ ಪುಸ್ತಕ ಬರೆದ ಮಹನೀಯರಿಗೆ ಪ್ರತಿಯೊಂದು ಮಗುವಿನ ಮನೆಯ ಹಿಂದೆಯೂ ಒಂದು ಕೆರೆ ಇದ್ದೇ ಇರುತ್ತದೆಂಬ ನಂಬಿಕೆ. ಮುಕ್ತಾ ಇರುವುದು ಲಿಬಿಯಾದ ಮರುಭೂಮಿಯಲ್ಲಿ, ರಸ್ತೆ ಕಟ್ಟುವವರ ಕ್ಯಾಂಪಿನಲ್ಲಿ. ಅಲ್ಲಿ ಹತ್ತಿರ ಎನ್ನುವುದೇ ಇಲ್ಲ. ಕಳೆದ ಸಲ ಇಂಥದೇ ಒಂದು ಸಾಲನ್ನು ಯೋಚಿಸದೆ ಇಳಿಸಿ ಕಳಿಸಿದ್ದಕ್ಕೆ ತಂಗಿ ಸಂಗವ್ವ ಬರೆದಿದ್ದಳು: ‘ಅಣ್ಣಾ, ಇಲ್ಲಿ ಕೆರಿ ಇಲ್ಲ. ವಾರಕ್ಕ ಎರಡು ಸಲ ನೀರಿನ ಲಾರಿ ಬರ್ತದ. ಅದನ್ನ ನೋಡಿ ಬರಿ ಅಂದೀನಿ. ನಡೀತದೇನು?’ ತಮಾಷೆಗೆ ಬರೆದಳೋ ಚುಚ್ಚಲು ಬರೆದಳೋ ಅವನಿಗೆ ತಿಳಿಯಲಿಲ್ಲ. ಅದೇ ಪತ್ರದ ಕೊನೆಯಲ್ಲಿ, ಜಾಗ ಸಾಲದೆ ಅಂಚಿನಲ್ಲಿ ಅಡ್ಡವಾಗಿ, ಇನ್ನೊಂದು ಸಾಲಿತ್ತು. ಪರೀಕ್ಷೆಯವರೆಗಿನ ಉಳಿದ ಪಾಠಗಳ ಯೋಜನೆ ಅಣ್ಣನಿಂದ ಬಂದರೆ ಮುಕ್ತಾ ಇಲ್ಲೇ ಓದಲಿ, ಬರದಿದ್ದರೆ ದಸರೆಗೆ ಬಂದು ಅವಳನ್ನು ನಿಮ್ಮ ಮನೆಯಲ್ಲೇ ಬಿಟ್ಟು ಹೋಗೋಣ ಎಂದು ಇವರು ಹೇಳುತ್ತಾರೆ. ಇವರು ಎಂದರೆ ಅವಳ ಗಂಡ ಪಂಚಪ್ಪ, ಕ್ಯಾಂಪಿನ ಮೇಲ್ವಿಚಾರಕ. ಮಹಾಲಿಂಗಪ್ಪ ಕೆರೆಯನ್ನು ಹೊಡೆದುಹಾಕಿ, ‘ಒಡೆದ ಬಟ್ಟಲಲ್ಲಿ ಮೆಂತ್ಯ ಬಿತ್ತಿ ದಿನವೂ ನೋಡುವುದು’ ಎಂದು ಬರೆದ. ಮರುಕ್ಷಣ, ಮರುಭೂಮಿಯಲ್ಲಿ ಮೆಂತ್ಯ ಎಲ್ಲಿ ಸಿಗುತ್ತದೆ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಸಿಟ್ಟು ಬರಲು ಕಾರಣಗಳಿಗೇನೂ ಕೊರತೆಯಿರಲಿಲ್ಲ. ಅವನು ಪಿಯುಸಿ ಹುಡುಗರಿಗೆ ಭೌತಶಾಸ್ತ್ರ ಹೇಳುವವನು. ಬೆಳಕಿನ ಬಾಗುವಿಕೆಯನ್ನು ಸೂತ್ರವಿಟ್ಟು ಹೇಳಬಲ್ಲ. ಆದರೆ ಹನ್ನೆರಡು ವರ್ಷದ ಹುಡುಗಿಗೆ ಸೂತ್ರವಿಲ್ಲದೆ ಹೇಳುವುದು ಹೇಗೆ? ಹಿಂದಿ ಅವನಿಗೇ ಬಾರದು. ಚರಿತ್ರೆಯ ರಾಜರೆಲ್ಲ ಅವನ ತಲೆಯಲ್ಲಿ ಒಂದೇ ಕಿರೀಟ ಹಾಕಿಕೊಂಡಿದ್ದರು. ಪಠ್ಯಪುಸ್ತಕಗಳಿಗಾಗಿ ಅವೆನ್ಯೂ ರಸ್ತೆಯನ್ನು ಎರಡು ಸಲ ಸುತ್ತಿದ್ದ; ಹೊಸವು ಅಚ್ಚಾಗಿಲ್ಲ, ಹಳೆಯವು ಹರಿದಿವೆ. ಅಂಗಡಿಯವನು ಪುಸ್ತಕದ ಧೂಳು ಕೊಡವುತ್ತಾ, “ಮಗಳಿಗಾ ಸಾರ್?” ಎಂದು ಕೇಳಿದಾಗ ಅವನು ಯೋಚಿಸದೆ “ಹೂಂ” ಎಂದುಬಿಟ್ಟಿದ್ದ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ, ಮಕ್ಕಳೆಷ್ಟು ಎಂಬ ಪ್ರಶ್ನೆಗೆ ಇಲ್ಲ ಎಂದು ನೆಟ್ಟಗೆ ಉತ್ತರ ಕೊಟ್ಟು ರೂಢಿಯಾದವನು, ಗುರುತೇ ಇಲ್ಲದ ಒಬ್ಬ ವ್ಯಾಪಾರಿಯ ಮುಂದೆ ಯಾಕೆ ಸುಳ್ಳು ಹೇಳಿದ? ಬಸ್ಸಿನಲ್ಲಿ ಯಶವಂತಪುರದವರೆಗೂ ಅದು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಇತ್ತು. ಮೀನು ತಿನ್ನುವ ಜಾತಿಯಲ್ಲ ತನ್ನದು, ಈ ಹೋಲಿಕೆ ಎಲ್ಲಿಂದ ಬಂತು ಎಂದು ಅದಕ್ಕೂ ಕಿರಿಕಿರಿಪಟ್ಟುಕೊಂಡಿದ್ದ.

ಅವನು ಕೂತಿದ್ದ ಕೋಣೆ ಸಣ್ಣದು. ಒಂದು ಕಿಟಕಿ, ಕಿಟಕಿಯಾಚೆ ಕಾಂಪೌಂಡು, ಅದರಾಚೆ ರೈಲ್ವೆ ಯಾರ್ಡು. ಮೇಜಿನ ಮೇಲೆ ಪಂಚಪ್ಪ ಹೋದ ವರ್ಷ ತಂದುಕೊಟ್ಟ ಟೂ-ಇನ್-ವನ್, ರೇಡಿಯೋ ಟೇಪು ಎರಡೂ ಇರುವ ಪೆಟ್ಟಿಗೆ. ಲಿಬಿಯಾಕ್ಕೆ ಹೋದವರ ಮನೆಗಳಲ್ಲೆಲ್ಲ ಆಗ ಕಾಗದಕ್ಕಿಂತ ಕ್ಯಾಸೆಟ್ಟೇ ಹೆಚ್ಚು ಓಡಾಡುತ್ತಿತ್ತು. ಅಕ್ಷರ ಬಾರದ ಅಜ್ಜಿಯರೂ ಪೆಟ್ಟಿಗೆಯ ಮುಂದೆ ಕೂತು ಅತ್ತು ಕಳಿಸುತ್ತಿದ್ದರು. ಹಾಗಾದರೆ ಪಾಠಗಳನ್ನೂ ಯಾಕೆ ಕಳಿಸಬಾರದು ಎಂಬುದು ಅವನ ಯೋಚನೆ. ಕೆಂಪು ಗುಂಡಿಯನ್ನೂ ಪಕ್ಕದ ಗುಂಡಿಯನ್ನೂ ಒಟ್ಟಿಗೆ ಒತ್ತಿ, ಒಂದೊಂದೇ ವಾಕ್ಯ ಬಿಡಿಸಿ ಹೇಳುತ್ತಿದ್ದ. ‘ನಾನು ಹೇಳಿದ ಹಾಗೆಯೇ ಕಂಠಪಾಠ ಮಾಡು. ಒಂದು ಶಬ್ದವನ್ನೂ ಬಿಡಬೇಡ, ಒಂದು ಶಬ್ದವನ್ನೂ ಸೇರಿಸಬೇಡ’ ಎಂಬುದು ಪ್ರತಿ ಕ್ಯಾಸೆಟ್ಟಿನ ಮೊದಲ ಮಾತು. ಹೇಳಿದ್ದನ್ನು ತಾನೇ ತಿರುಗಿ ಹಾಕಿ ಕೇಳುತ್ತಿರಲಿಲ್ಲ. ಒಮ್ಮೆ ಕೇಳಿದ್ದ, ತನ್ನ ದನಿ ಬಾವಿಯ ತಳದಿಂದ ಯಾರೋ ಬೈದ ಹಾಗಿತ್ತು.

ಅಡಿಗೆಮನೆಯಲ್ಲಿ ಹೆಂಡತಿ ಚಂದ್ರವ್ವ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅವನು ತಲೆಯೆತ್ತಿದ. ಅವಳು ಈ ಕೋಣೆಯ ಬಾಗಿಲವರೆಗೆ ಬಂದು, ಒಳಗೆ ನೋಡಿ ತಿರುಗಿ ಹೋಗುವುದು ಈಚೆಗೆ ರೂಢಿಯಾಗಿತ್ತು. ಹೋದ ಬೇಸಿಗೆಯಲ್ಲಿ ಸಂಗವ್ವ ಬರುವ ಮೊದಲು ಈ ಕೋಣೆಯಲ್ಲಿದ್ದ ಕಬ್ಬಿಣದ ಟ್ರಂಕನ್ನು ಒಬ್ಬಳೇ ಎಳೆದು ಪಡಸಾಲೆಗೆ ಹಾಕಿದವಳು ಅವಳು. ಗೋಡೆಗೆ ಸುಣ್ಣ ಹೊಡೆದಿದ್ದಳು. ಕಿಟಕಿಗೆ ತನ್ನ ಹಳೆಯ ಇಳಕಲ್ ಸೀರೆ ಕತ್ತರಿಸಿ ಪರದೆ ಹಾಕಿದ್ದಳು. ಯಾಕೆಂದು ಅವನು ಕೇಳಲಿಲ್ಲ, ಗೊತ್ತಿತ್ತು. ಓದುವ ಹುಡುಗಿ ಸೋದರಮಾವನ ಮನೆಯಲ್ಲಿ ಇರುವುದು ಕೇಳಿ ಪಡೆಯಬೇಕಾದ ಮಾತಲ್ಲ. ಅವರ ಕಡೆ ಅದು ಹಾಗೆಯೇ ನಡೆಯುತ್ತದೆ. ಆದರೆ ಸಂಗವ್ವ ಬಂದ ದಿನ ಊಟಕ್ಕೆ ಕೂತು ಬಾಯಿ ತೆರೆದು, “ಅಣ್ಣಾ, ಮುಕ್ತಾನ್ನ...” ಎನ್ನುವಷ್ಟರಲ್ಲಿ ಅವನು ಹೇಳಿಬಿಟ್ಟ: “ಮಕ್ಕಳು ತಂದೆ-ತಾಯಿ ಹತ್ರ ಇರಬೇಕವ್ವಾ. ಶಾಲಿ ಇಲ್ಲಂದ್ರ ಏನಾತು, ನಾ ಇಲ್ಲಿಂದ ಪೂರಾ ಯೋಜನಾ ಮಾಡಿ ಕಳಸ್ತೀನಿ. ಪರೀಕ್ಷಾಕ್ಕ ಬಂದು ಕೂತ್ರಾತು.” ಚಂದ್ರವ್ವನ ಕೈಯಲ್ಲಿ ರೊಟ್ಟಿಯಿತ್ತು. ಅದನ್ನು ಯಾರ ತಾಟಿಗೆ ಹಾಕಬೇಕೆಂದು ಮರೆತವಳ ಹಾಗೆ ಅವಳು ಬುಟ್ಟಿಗೆ ತಿರುಗಿ ಹಾಕಿದಳು. ಯಾಕೆ ಬೇಡವೆಂದೆ ಎಂದು ಅವಳು ಕೇಳಿದ್ದರೆ ಏನು ಹೇಳುತ್ತಿದ್ದೆನೆಂದು ಅವನು ಎಷ್ಟೋ ಸಲ ಯೋಚಿಸಿದ್ದಾನೆ. ಖರ್ಚಿನ ಮಾತಲ್ಲ. ಹುಡುಗಿಯ ಮೇಲೆ ಬೇಸರವೂ ಅಲ್ಲ. ಇಬ್ಬರೇ ಇರುವ ಮನೆಯಲ್ಲಿ ಮಾತಿಲ್ಲದಿರುವುದನ್ನು ಶಾಂತಿ ಎಂದು ಕರೆಯಬಹುದು. ಮೂರನೆಯ ಜೀವವೊಂದು ಬಂದು ಒಂದು ವಾರ ಇದ್ದು ನೋಡಿದರೆ ಅದನ್ನು ಏನೆಂದು ಕರೆಯುತ್ತದೋ ಎಂಬ ಅಂಜಿಕೆ.

“ಚಂದ್ರಮ್ಮಾ, ನೀರು ಬಂದೈತೆ, ಇಡ್ಕೊಳಿ!” ಎಂದು ಕೆಳಗಿನಿಂದ ಮನೆ ಯಜಮಾನಿ ಮುನಿಕೃಷ್ಣಮ್ಮ ಕೂಗಿದಳು. “ಭಾನುವಾರಾನೂ ಸುರುವಾಯ್ತಾ? ಮೇಷ್ಟ್ರು ಪೆಟ್ಗೆಗೆ ಪಾಠ ಏಳ್ತಾವ್ರಾ? ಪಾಪ, ಅದಾದ್ರೂ ಪಾಸಾಗ್ಲಿ ಬುಡು!” ಖಾಲಿ ಕೊಡವನ್ನು ಕಲ್ಲಿನ ಮೇಲೆ ಕುಕ್ಕಿದ ಹಾಗೆ ಅವಳ ನಗು. ಚಂದ್ರವ್ವ ಕೂಡ ಮೆಟ್ಟಿಲ ಮೇಲೆ ನಕ್ಕದ್ದು ಕೇಳಿಸಿತು. ಅವಳು ನಗುವುದು ಮೆಟ್ಟಿಲ ಮೇಲೆ ಮಾತ್ರ.

ಆಗಲೇ ಯಾರೋ ಬಾಗಿಲು ತಟ್ಟಿದರು. ಕೈಯಲ್ಲಿ ಖರ್ಜೂರದ ಪೊಟ್ಟಣ ಹಿಡಿದು, ಇಸ್ತ್ರಿ ಮುರಿಯದ ಅಂಗಿ ಹಾಕಿದ ಗಂಡಸು. “ನಾನು ರಹಮತುಲ್ಲಾ ಸಾರ್. ಪಂಚಪ್ಪನೋರ ಕ್ಯಾಂಪಲ್ಲಿ ಫಿಟ್ಟರ್. ರಜಾದ ಮೇಲೆ ಬಂದಿದ್ದೆ. ಮೊದ್ಲೇ ಬರ್ಬೇಕಾಗಿತ್ತು, ಮಾಫ್ ಮಾಡಿ. ತಂಗಿ ನಿಕಾ ಇತ್ತು, ಆರ್.ಟಿ. ನಗರದಿಂದ ಆಚೆ ಕಾಲಿಡೋಕೇ ಆಗ್ಲಿಲ್ಲ. ಬುಧವಾರ ವಾಪಸ್ ಹೊರಟಿದೀನಿ.” ಜೇಬಿನಿಂದ ಕ್ಯಾಸೆಟ್ಟೊಂದನ್ನು ತೆಗೆದು ಎರಡೂ ಕೈಯಲ್ಲಿ ಕೊಟ್ಟ. “ಮುಕ್ತಾ ಪಾಪೂದು.”

ಬುಧವಾರ! ಇನ್ನೂ ಅರ್ಧ ವರ್ಷದ ಪಾಠ ಬಾಕಿಯಿದೆ. ಈ ಮನುಷ್ಯ ವಾರಗಟ್ಟಲೆ ಬಿರಿಯಾನಿ ತಿಂದುಕೊಂಡು ಕೂತು ಈಗ ಬಂದು ಬುಧವಾರ ಎನ್ನುತ್ತಾನೆ. ಮಹಾಲಿಂಗಪ್ಪ ತನ್ನ ಮುಖವನ್ನು ಸರಿಮಾಡಿಕೊಂಡು, “ಕೂತ್ಕೊಳ್ಳಿ” ಎಂದ.

“ಹಾಕಿ ಸಾರ್, ಕೇಳೋಣ,” ಎಂದು ರಹಮತುಲ್ಲಾ ಕುರ್ಚಿಯನ್ನು ಪೆಟ್ಟಿಗೆಯ ಹತ್ತಿರಕ್ಕೇ ಎಳೆದುಕೊಂಡ. “ನಿಮ್ಮ ಪಾಠ ನಾವೆಲ್ಲಾ ಕೇಳಿದೀವಿ ಗೊತ್ತಾ? ಅಲ್ಲಿ ಟೇಪು ಇರೋದು ಮೆಸ್‌ನಲ್ಲಿ. ಪಾಪು ಅಲ್ಲೇ ಕೂತು ಓದೋದು. ಕನ್ನಡ ಕಿವಿ ಮೇಲೆ ಬೀಳುತ್ತಲ್ಲ ಅಂತ ನಮ್ಮೋರೆಲ್ಲಾ ಬಂದು ಕೂತ್ಕೋತಾರೆ. ಕೇರಳದೋರೂ ಕೂತ್ಕೋತಾರೆ, ಅರ್ಥ ಆಗ್ದಿದ್ರೂ. ಗ್ರಾಮ ಪಂಚಾಯ್ತಿ ಪಾಠ ಇದೆಯಲ್ಲ, ಅದು ನಂಗೂ ಬಾಯಿಗ್ ಬರುತ್ತೆ!” ಅವನು ಜೋರಾಗಿ ನಕ್ಕ. ಮಹಾಲಿಂಗಪ್ಪನಿಗೆ ಒಳಗೊಳಗೇ ಹಿತವೆನಿಸಿತು. ಮರುಭೂಮಿಯ ನಡುವೆ ತಗಡಿನ ಮಾಡಿನ ಕೆಳಗೆ ಊಟ ಮುಗಿಸಿದ ಗಂಡಸರು ತನ್ನ ದನಿಗೆ ಕಿವಿಗೊಟ್ಟು ಕೂತ ಚಿತ್ರ. ಕಾಲೇಜಿನಲ್ಲಿ ಹಿಂದಿನ ಬೆಂಚಿನವರು ಎಂದೂ ಕೊಡದ ಗೌರವ.

ಚಂದ್ರವ್ವ ಚಹಾ ತಂದವಳು, ಕ್ಯಾಸೆಟ್ಟು ತಿರುಗತೊಡಗಿದ್ದನ್ನು ನೋಡಿ ಬಾಗಿಲಲ್ಲೇ ನಿಂತಳು. ಮೊದಲು ಗಾಳಿಯ ಸಪ್ಪಳ, ಪಾತ್ರೆಗಳ ಸಪ್ಪಳ. ನಂತರ ಮುಕ್ತಾಳ ದನಿ, ಹೋದ ವರ್ಷಕ್ಕಿಂತ ಸ್ವಲ್ಪ ದಪ್ಪಗಾಗಿತ್ತು: “ಮಾಮಾ, ನೀವು ಹೇಳಿದ ಪಾಠ ಒಪ್ಪಸ್ತೀನಿ. ಒಂದು ಶಬ್ದಾನೂ ಬಿಟ್ಟಿಲ್ಲ, ಒಂದು ಶಬ್ದಾನೂ ಸೇರ್ಸಿಲ್ಲ.” ಉಸಿರು ಎಳೆದುಕೊಂಡು ಅವಳು ಶುರುಮಾಡಿದಳು. ಮಹಾಲಿಂಗಪ್ಪ ಕಣ್ಣು ಮುಚ್ಚಿ ತಲೆದೂಗಿದ. ಅವನದೇ ಬಿಡುವು, ಅವನದೇ ಏರಿಳಿತ. “ಗ್ರಾಮ ಪಂಚಾಯಿತಿಯ ಕರ್ತವ್ಯಗಳು. ಕುಡಿಯುವ ನೀರಿನ ಪೂರೈಕೆ. ಬೀದಿ ದೀಪಗಳ ವ್ಯವಸ್ಥೆ. ಏ, ನಿನಗ ಎಷ್ಟು ಸಲ ಹೇಳಬೇಕು? ಒಂದು ತಾಸು ಸುಮ್ನಿರ್ಲಿಕ್ಕೆ ಆಗಂಗಿಲ್ಲೇನು ಈ ಮನ್ಯಾಗ? ಅಲ್ಲೇ ಇಟ್ಟು ಹೋಗು. ಚರಂಡಿಗಳ ನಿರ್ಮಾಣ. ಸಂತೆಯ ಮೇಲ್ವಿಚಾರಣೆ.”

ಕ್ಯಾಸೆಟ್ಟಿನೊಳಗೆ, ಹುಡುಗಿಯ ಹಿಂದೆ, ಬಹಳ ಜನ ಒಟ್ಟಿಗೆ ನಕ್ಕರು. ಕೋಣೆಯಲ್ಲಿ ರಹಮತುಲ್ಲಾ ತೊಡೆ ತಟ್ಟಿಕೊಂಡು ನಕ್ಕ. “ಇದೇ, ಇದೇ! ಯಾರಾದ್ರೂ ಮೆಸ್‌ನಲ್ಲಿ ಗಲಾಟೆ ಮಾಡಿದ್ರೆ ಈಗ ಎಲ್ಲಾರೂ ಇದನ್ನೇ ಹೇಳೋದು ಸಾರ್, ‘ಸುಮ್ನಿರ್ಲಿಕ್ಕೆ ಆಗಂಗಿಲ್ಲೇನು ಈ ಮನ್ಯಾಗ!’ ಕೇರಳದೋರೂ ಹೇಳ್ತಾರೆ. ಪಂಚಪ್ಪನೋರೂ.” ಹೇಳುತ್ತಾ ಹೇಳುತ್ತಾ ಅವನ ಕಣ್ಣು ಬಾಗಿಲಲ್ಲಿ ಚಹಾ ಹಿಡಿದು ನಿಂತವಳ ಮೇಲೆ ಬಿತ್ತು. ನಗು ತುಟಿಯ ಮೇಲೆ ಸ್ವಲ್ಪ ಹೊತ್ತು ಹಾಗೆಯೇ ಉಳಿದು, ಮೆಲ್ಲಗೆ ಇಳಿಯಿತು. ಚಂದ್ರವ್ವ ಒಳಗೆ ಬಂದು ಕಪ್ಪನ್ನು ಅವನ ಮುಂದಿಟ್ಟಳು. ಸಪ್ಪಳವಾಗದ ಹಾಗೆ ಇಟ್ಟಳು. ಅದನ್ನು ಮಹಾಲಿಂಗಪ್ಪ ಗಮನಿಸಿದ. ಇಷ್ಟು ದಿನ ಎಲ್ಲ ಪಾತ್ರೆಯನ್ನೂ ಅವಳು ಹೀಗೆಯೇ ಇಡುತ್ತಿದ್ದಾಳೆ ಎಂಬುದು ಆಗ ಹೊಳೆಯಿತು. ಆ ಗ್ರಾಮ ಪಂಚಾಯಿತಿಯ ದಿನ ಅವಳು ತಂದದ್ದೇನು? ಮಜ್ಜಿಗೆಯೋ ನೀರೋ ನೆನಪಾಗಲಿಲ್ಲ. ಗದರುವ ಮೊದಲು ಗುಂಡಿ ಒತ್ತಿ ಟೇಪು ನಿಲ್ಲಿಸಿದ್ದೇನೆಂದು ತಿಳಿದಿದ್ದ. ನಿಂತಿರಲಿಲ್ಲ.

ಪಾಠ ಮುಗಿದಿತ್ತು. ಮುಕ್ತಾ ಈಗ ತನ್ನದೇ ದನಿಯಲ್ಲಿ ಮಾತಾಡುತ್ತಿದ್ದಳು. “ಅತ್ತೀ, ನೀವ್ಯಾಕ ಒಮ್ಮಿನೂ ಮಾತಾಡಂಗಿಲ್ಲ? ಮೊದಲಿನ ಪಾಠದಾಗ ನಿಮ್ಮ ಕೈಯಾನ ಬಳಿ ಸಪ್ಪಳ ಬರ್ತಿತ್ತು. ರೊಟ್ಟಿ ಬಡಿಯೋದೂ ಬರ್ತಿತ್ತು. ಪಂಚಾಯ್ತಿ ಆದಮ್ಯಾಲ ಅದೂ ಇಲ್ಲ. ಈಗ ಬರೇ ರೈಲು ಬರ್ತದ. ಮಾಮಾ, ಅತ್ತಿಗೆ ಒಂದೀಟು ಮಾತಾಡ್ಲಿಕ್ಕೆ ಹೇಳ್ರಿ.” ಟಕ್ಕೆಂದು ನಿಂತಿತು.

ರಹಮತುಲ್ಲಾ ಬಿಸಿ ಚಹಾವನ್ನು ಬೇಗ ಬೇಗ ಕುಡಿದು ನಾಲಗೆ ಸುಟ್ಟುಕೊಂಡ. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, ಚಂದ್ರವ್ವನ ಕಡೆ ನೋಡದೆ, “ತಪ್ಪು ತಿಳ್ಕೋಬೇಡಿ ಅಕ್ಕಾ. ಅಲ್ಲಿ ನಮ್ಗೆ ನಗೋಕೆ ಬೇರೇನೂ ಇಲ್ಲ,” ಎಂದ. ಅವಳು, “ಇರಲಿ ತಗೋರಿ, ನಗ್ರಿ,” ಎಂದಳು. “ಕಳಿಸೋದೇನಿದ್ರೂ ಮಂಗಳವಾರ ಸಾಯಂಕಾಲ ನಮ್ಮನೆಗೆ ತಲುಪಿಸಿ ಸಾರ್,” ಎಂದು ಅವನು ಮೆಟ್ಟಿಲಿಳಿದ.

ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅವನು ಏನಾದರೂ ಹೇಳಬೇಕೆಂದುಕೊಂಡ. ಕ್ಷಮಿಸು ಎಂಬುದು ಪುಸ್ತಕದ ಶಬ್ದ. ಅವರ ಮನೆಗಳಲ್ಲಿ ಗಂಡ ಹೆಂಡತಿಗೆ ಅದನ್ನು ಹೇಳಿದ್ದು ಅವನು ಕೇಳಿಲ್ಲ. ಪಲ್ಯ ಚೆನ್ನಾಗಿದೆ ಎಂದ. ಅವಳು ಇನ್ನಷ್ಟು ಬಡಿಸಿದಳು. ಅವನ ಕಿರಿಕಿರಿ ಈಗ ಎತ್ತ ತಿರುಗಬೇಕೆಂದು ತಿಳಿಯದೆ ಎಲ್ಲದರ ಮೇಲೂ ಹರಿಯಿತು. ತನ್ನ ಮನೆಯ ಮಾತನ್ನು ಮೆಸ್ಸಿನಲ್ಲಿ ಹಾಕಿ ಕೇಳುವ ಪಂಚಪ್ಪನ ಮೇಲೆ, ಅದನ್ನು ಹೊತ್ತು ತಂದವನ ಮೇಲೆ, ಹೇಳಿದ್ದನ್ನು ಹೇಳಿದ ಹಾಗೆಯೇ ಒಪ್ಪಿಸಿದ ಹುಡುಗಿಯ ಮೇಲೆ. ಬೇಕೆಂದೇ ಮಾಡಿದಳೇ? ಹನ್ನೆರಡು ವರ್ಷದವಳಿಗೆ ಅಷ್ಟು ತಿಳಿಯುವುದೇ? ತಿಳಿಯುತ್ತದೆ. ಅವನಿಗೆ ಅದೇ ವಯಸ್ಸಿದ್ದಾಗ ಅಪ್ಪ ಅವ್ವನನ್ನು ಊಟದ ಪಂಕ್ತಿಯ ನಡುವೆ ಗದರಿದ್ದಕ್ಕೆ ಎಲ್ಲರೂ ನಕ್ಕಿದ್ದರು, ಅವ್ವನೂ ನಕ್ಕಿದ್ದಳು. ಆ ನಗುವನ್ನು ನೋಡಲಾರದೆ ಅವನು ಎಲೆಯಲ್ಲಿದ್ದ ಉಪ್ಪನ್ನೇ ನೋಡುತ್ತಿದ್ದ. ಉಪ್ಪಿನ ಹರಳು ಈಗಲೂ ಕಣ್ಣ ಮುಂದಿದೆ. ಎದುರಿಗೆ ಚಂದ್ರವ್ವ ತಾಟು ಎತ್ತಿಕೊಂಡು ಎದ್ದಳು. ಅವನು ನೋಡುತ್ತಿದ್ದುದು ಉಪ್ಪಿನ ಬಟ್ಟಲನ್ನು.

ಸೋಮವಾರ ಕಾಲೇಜಿಗೆ ರಜೆ ಹಾಕಿ ಯೋಜನೆಯನ್ನು ಮುಗಿಸಿದ. ಹಾಳೆಗಳು ಅಚ್ಚುಕಟ್ಟಾಗಿದ್ದವು. ಯಾವ ವಾರ ಯಾವ ಪಾಠ, ಯಾವುದಕ್ಕೆ ಸಂಗವ್ವನ ಸಹಾಯ ಬೇಕು, ಕೆರೆ ತೋಟ ಅಂಚೆಕಚೇರಿ ಬಂದಲ್ಲೆಲ್ಲ ಅದರ ಬದಲು ಏನು, ಹಿಂದಿಗೆ ಕ್ಯಾಂಪಿನ ಯಾವ ಎಂಜಿನಿಯರನ್ನು ಕೇಳಬಹುದು. ಇಷ್ಟು ಬಿಗಿಯಾದ ಯೋಜನೆಯನ್ನು ನೋಡಿದರೆ ಯಾವ ಪಂಚಪ್ಪನೂ ಹುಡುಗಿಯನ್ನು ಕಳಿಸುವ ಮಾತೆತ್ತಲಾರ. ಎಲ್ಲ ಬಿರುಕೂ ಮುಚ್ಚಿದ್ದವು. ಹಾಳೆಗಳನ್ನು ಮಡಚಿ ಲಕೋಟೆಯಲ್ಲಿಟ್ಟು ಅಂಟಿಸಿದ.

ಮಂಗಳವಾರ ಮಧ್ಯಾಹ್ನ ಕೊನೆಯ ಕ್ಯಾಸೆಟ್ಟು ತುಂಬಲು ಕೂತ. ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಪೆಟ್ಟಿಗೆಯೊಳಗೆ ಚಕ್ರ ತಿರುಗುವುದು ಕೇಳುತ್ತಿತ್ತು. ರೊಟ್ಟಿ ಬಡಿಯುವ ಹೊತ್ತು. ಬಡಿತವಿಲ್ಲ. ಎದ್ದು ಹೋಗಿ ನೋಡಿದ. ಚಂದ್ರವ್ವ ಹಿಟ್ಟು ನಾದಿಟ್ಟುಕೊಂಡು, ಕೈ ಮಡಿಚಿ, ಒಲೆಯ ಮುಂದೆ ಸುಮ್ಮನೆ ಕೂತಿದ್ದಳು. ಬಳೆಗಳನ್ನು ಮೊಣಕೈಯವರೆಗೆ ಏರಿಸಿ ಬಿಗಿಮಾಡಿಕೊಂಡಿದ್ದಳು.

“ರೊಟ್ಟಿ ಬಡಿಯಂಗಿಲ್ಲ?” ಎಂದ.

“ನಿಮ್ಮ ಪಾಠ ಆಗ್ಲಿ.”

“ಬಡಿ. ಏನೂ ಆಗಂಗಿಲ್ಲ.”

“ಆಗ್ಲೀರಿ. ಆಮ್ಯಾಲ ಬಡೀತೀನಿ.”

ಎಷ್ಟು ಸೌಮ್ಯವಾಗಿ ಹೇಳಿದಳೆಂದರೆ ಅವನಿಗೆ ಕೂಗಬೇಕೆನಿಸಿತು. ತಿರುಗಿ ಬಂದು ಪಾಠ ಮುಂದುವರಿಸಿದ: ಗಾಳಿಯ ಒತ್ತಡ, ಅದರ ಉಪಯೋಗಗಳು. ಟೇಪು ಇನ್ನೂ ಸ್ವಲ್ಪ ಉಳಿದಿತ್ತು. ಪೆಟ್ಟಿಗೆಯನ್ನು ನಿಲ್ಲಿಸದೆ, ಎತ್ತಿಕೊಂಡು, ವೈರು ಎಟುಕುವಷ್ಟು ದೂರ, ಕೋಣೆಯ ಹೊಸ್ತಿಲವರೆಗೆ ತಂದು ನೆಲದ ಮೇಲಿಟ್ಟ. “ಹುಡುಗಿ ಕೇಳ್ಯಾಳ. ಬಂದು ಒಂದು ಮಾತು ಹೇಳು,” ಎಂದ. ಅದೂ ಗದರಿದ ಹಾಗೆಯೇ ಬಂತು.

ಚಂದ್ರವ್ವ ಬಂದಳು. ಹಿಟ್ಟಿನ ಕೈಯನ್ನು ಸೆರಗಿಗೆ ತಾಗಿಸದೆ ದೂರ ಹಿಡಿದು, ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅದನ್ನು ನೋಡಿದಳು. ನಂತರ ಅವನನ್ನು ನೋಡಿದಳು.

“ನಂಗ ಆಕಿಗೆ ಹೇಳೋದು ಒಂದ ಮಾತು ಅದ. ಬಾ ಅನ್ನೋದು. ಬ್ಯಾರೆ ಏನೂ ಇಲ್ಲ. ಹೇಳ್ಲೇನು?”

ಚಕ್ರ ತಿರುಗುತ್ತಿತ್ತು. ಅವನು ಬಾಯಿ ತೆರೆದ. ಹೂಂ ಎಂದರೆ ಸಾಕಿತ್ತು. ಪುಸ್ತಕದಂಗಡಿಯವನಿಗೆ ಅಷ್ಟು ಸುಲಭವಾಗಿ ಅಂದಿದ್ದನಲ್ಲ. ಬೇಡ ಎಂದರೂ ಸಾಕಿತ್ತು, ಅದಾದರೂ ಒಂದು ಮಾತು. ಅವಳು ಕಾದಳು. ಇಂಥ ಹೊತ್ತಿನಲ್ಲಿ ದಿನವೂ ಬಂದು ಪಾಠ ಕೆಡಿಸುವ ಗೂಡ್ಸ್ ಗಾಡಿ ಇಂದು ಬಾರದೆ ಯಾರ್ಡಿನಲ್ಲಿ ಎಲ್ಲೋ ನಿಂತಿತ್ತು. ಮುನಿಕೃಷ್ಣಮ್ಮ ಕೂಡ ಕೂಗಲಿಲ್ಲ. ಅವಳ ಬೆರಳ ಸಂದಿಯ ಹಿಟ್ಟು ಒಣಗಿ ಬಿರಿಯುವುದನ್ನು ಅವನು ನೋಡುತ್ತಿದ್ದ. ಟೇಪು ಮುಗಿದು ಗುಂಡಿ ತಾನಾಗಿ ಟಕ್ಕೆಂದು ಎದ್ದಿತು. ಚಂದ್ರವ್ವ ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು.

ಅಳಿಸುವುದು ಕಷ್ಟವಿರಲಿಲ್ಲ. ಹಿಂದಕ್ಕೆ ತಿರುಗಿಸಿ ಕೆಂಪು ಗುಂಡಿ ಒತ್ತಿ ಗಾಳಿಯ ಒತ್ತಡದ ಉಪಯೋಗಗಳನ್ನು ಮತ್ತೊಮ್ಮೆ ಹೇಳಿದರಾಯಿತು. ಅವನು ಕ್ಯಾಸೆಟ್ಟನ್ನು ತೆಗೆದು ಹಾಗೆಯೇ ಡಬ್ಬಿಗೆ ಹಾಕಿದ. ಲಕೋಟೆಯನ್ನೂ ಅದನ್ನೂ ಚೀಲದಲ್ಲಿಟ್ಟು, ಮೇಖ್ರಿ ಸರ್ಕಲ್ಲಿನಲ್ಲಿ ಬಸ್ಸು ಬದಲಿಸಿ, ಆರ್.ಟಿ. ನಗರಕ್ಕೆ ಹೋದ. ರಹಮತುಲ್ಲಾನ ಮನೆಯ ಮುಂದೆ ಮದುವೆಯ ಬಣ್ಣದ ಕಾಗದ ಇನ್ನೂ ಗಾಳಿಗೆ ಪಟಪಟಿಸುತ್ತಿತ್ತು. ಒಳಗೆ ಪ್ರಯಾಣದ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದವನು ಎದ್ದು ಬಂದು ಕ್ಯಾಸೆಟ್ಟನ್ನು ತೆಗೆದುಕೊಂಡ.

“ಅಕ್ಕ ಮಾತಾಡಿದಾರಾ ಸಾರ್, ಈ ಸಲ?”

“ಹೂಂ. ಕೊನೆಗೆ.”

“ಭಲೇ! ಪಾಪು ಕುಣಿದಾಡುತ್ತೆ. ಎಲ್ಲಾರೂ ಕೂತು ಕೇಳ್ತೀವಿ. ಇಷ್ಟೇನಾ?”

“ಇಷ್ಟೇ,” ಎಂದ ಮಹಾಲಿಂಗಪ್ಪ.

ತಿರುಗಿ ಬರುವ ಬಸ್ಸಿನ ಫುಟ್‌ಬೋರ್ಡಿನ ಮೇಲೆ ಕಾಲಿಟ್ಟಾಗ ಕಂಕುಳಲ್ಲಿದ್ದ ಚೀಲದ ಮೂಲೆ ಪಕ್ಕೆಗೆ ಚುಚ್ಚಿತು. ಲಕೋಟೆ. ಕೈ ಹಾಕಿ ನೋಡಿದ. ಅಂಟಿಸಿದ ಯೋಜನೆ ಹಾಗೆಯೇ ಇತ್ತು. ಇಳಿದು ಓಡಿದರೆ ಇನ್ನೂ ಕೊಡಬಹುದು. ಮರೆತೆ ಎನ್ನಬಹುದು, ಮರೆತದ್ದು ನಿಜವೂ ಇರಬಹುದು. ಮೆಸ್ಸಿನಲ್ಲಿ ಅವರೆಲ್ಲ ಕೂತು ಕೇಳುವ ಹೊತ್ತನ್ನು ಅವನು ನೆನೆದ: ಗಾಳಿಯ ಒತ್ತಡ ಮುಗಿಯುತ್ತದೆ, ಹೇಳ್ಲೇನು ಎಂದು ಹೆಂಗಸೊಬ್ಬಳು ಕೇಳುತ್ತಾಳೆ, ಆಮೇಲೆ ಟೇಪು ತೀರುವವರೆಗೂ ಏನೂ ಇಲ್ಲ. ಒಂದು ಶಬ್ದವನ್ನೂ ಬಿಡದ ಹುಡುಗಿ ಅದನ್ನು ಹೇಗೆ ಒಪ್ಪಿಸುತ್ತಾಳೆ? ಈ ಸಲ ಯಾರೂ ನಗಲಾರರು.

“ರೀ ಸ್ವಾಮಿ, ಬಾಗ್ಲಲ್ಲೇ ನಿಂತ್ರೆ ಹೆಂಗ್ರೀ?” ಎಂದು ಕಂಡಕ್ಟರು ಹಿಂದಿನಿಂದ ರೇಗಿದ. “ಇಳಿಯೋದಿದ್ರೆ ಇಳೀರಿ, ಇಲ್ದಿದ್ರೆ ಒಳಗ್ ಹೋಗ್ರಿ. ಬಾಯ್ಬಿಟ್ಟು ಹೇಳೋಕೇನ್ ಕಷ್ಟ ನಿಮ್ಗೆ?”

“ಇಳಿಯೋದಿಲ್ಲ,” ಎಂದ ಅವನು, ಬೇಕಾದ್ದಕ್ಕಿಂತ ಜೋರಾಗಿ. ನಾಲ್ಕಾರು ಜನ ತಿರುಗಿ ನೋಡಿದರು. ಬಸ್ಸು ಹೊರಟಿತು. ಒಳಗೆ ಸರಿದು ಕಂಬಿ ಹಿಡಿದುಕೊಂಡು, ದಸರೆಗೆ ಮೊದಲು ಟೂ-ಇನ್-ವನ್ನನ್ನೂ ಪುಸ್ತಕಗಳನ್ನೂ ಎತ್ತಿ ಇನ್ನೆಲ್ಲಿ ಇಡುವುದು, ಆ ಕೋಣೆಯಲ್ಲಿ ಮಂಚ ಹಿಡಿಯುತ್ತದೆಯೇ ಎಂದು ಅವನು ಸಿಡಿಮಿಡಿಗೊಂಡು ಲೆಕ್ಕ ಹಾಕತೊಡಗಿದ.